ಸುಡೊಕು ಬಿಡಿಸುವ ಅಪ್ಪ, ಚೌಕಾಬಾರ ಬಲ್ಲ ಅಮ್ಮ: ಮರೆವಿಗೆ ಆಟ ಮದ್ದೇ?

ಪ್ರಶ್ನೆ: ನಾವು ದಾವಣಗೆರೆಯವರು. ಅಪ್ಪನಿಗೆ 71 ವರ್ಷ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರು. ನಾಲ್ಕು ವರ್ಷದಿಂದ ದಿನಕ್ಕೆ ಎರಡು ತಾಸು ಮೊಬೈಲಿನಲ್ಲಿ ಸುಡೊಕು ಬಿಡಿಸುತ್ತಾರೆ. ಆದರೂ ಒಂದು ವರ್ಷದಿಂದ ಪರಿಚಯದವರ ಹೆಸರು ನೆನಪಾಗುವುದಿಲ್ಲ, ಸ್ಕೂಟರ್ ಕೀಲಿ ಎಲ್ಲಿಟ್ಟೆ ಎಂದು ದಿನವೂ ಹುಡುಕಾಟ. ಅಮ್ಮನಿಗೆ 67. ಸಣ್ಣವರಿದ್ದಾಗ ಚೌಕಾಬಾರ, ಅಳಗುಳಿಮಣೆ ಆಡಿದವರು, ಈಗ ಟಿವಿ ಧಾರಾವಾಹಿ ಬಿಟ್ಟರೆ ಬೇರೇನಿಲ್ಲ. ಬೆಂಗಳೂರಿನಲ್ಲಿರುವ ತಮ್ಮ ಮೆದುಳು ಚುರುಕು ಮಾಡುವ ಕಿಟ್ ಕಳಿಸುತ್ತೇನೆ ಎನ್ನುತ್ತಿದ್ದಾನೆ. ಚೆಸ್ ಆಡಿದರೆ ಮರೆವಿನ ಕಾಯಿಲೆ ಬರುವುದಿಲ್ಲವಂತೆ, ನಿಜವೇ? ಚೌಕಾಬಾರ ಆಡಿ ಎಂದರೆ ಅಮ್ಮ, "ಅದು ಕವಡೆ ಬಿದ್ದ ಹಾಗೆ, ಅದೃಷ್ಟದ ಆಟ, ಅದರಿಂದ ಬುದ್ಧಿಗೇನು?" ಎನ್ನುತ್ತಾರೆ. ಏಳನೇ ತರಗತಿ ಓದುವ ನನ್ನ ಮಗಳೂ ಮನೆಯಲ್ಲಿದ್ದಾಳೆ. ಯಾವ ಆಟ, ಎಷ್ಟು ಹೊತ್ತು, ಹೇಗೆ ಆಡಿಸಬೇಕು?

ಉತ್ತರ: ಕಿಟ್ ತರಿಸುವುದು ಬೇಡ. ಬೇಕಾದದ್ದು ನಿಮ್ಮ ಮನೆಯಲ್ಲೇ ಇದೆ: ಬೇರೆ ಬೇರೆ ಆಟ ಬಲ್ಲ ಇಬ್ಬರು ಹಿರಿಯರು, ಕಲಿಯುವ ವಯಸ್ಸಿನ ಒಬ್ಬಳು ಹುಡುಗಿ. ತೊಂದರೆ ಇರುವುದು ಒಂದರಲ್ಲೇ. ಇಬ್ಬರೂ ತಮಗೆ ಚೆನ್ನಾಗಿ ಬರುವುದನ್ನೇ ಹಿಡಿದು ಕೂತಿದ್ದಾರೆ. ಇಬ್ಬರ ಆಟವನ್ನೂ ಅದಲುಬದಲು ಮಾಡಿ. ಅಮ್ಮನ ಅಳಗುಳಿಮಣೆ ಅಪ್ಪನ ಮುಂದೆ ಬರಲಿ, ಚದುರಂಗ ಅಮ್ಮನ ಮುಂದೆ ಬರಲಿ. ಅಳಗುಳಿಮಣೆಯನ್ನು ಅಪ್ಪನಿಗೆ ಅಮ್ಮನೇ ಕಲಿಸಲಿ. ಐವತ್ತು ವರ್ಷ ಬೆರಳ ತುದಿಯಲ್ಲಿದ್ದ ಆಟದ ನಿಯಮವನ್ನು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಿಕೊಡಬೇಕೆಂದರೆ, ಆಡುವುದಕ್ಕಿಂತ ಹೆಚ್ಚು ತಲೆ ಓಡಿಸಬೇಕಾಗುತ್ತದೆ.

ಆಟಕ್ಕೆ ಮುಂಚೆ ಆಗಬೇಕಾದ ಒಂದು ಕೆಲಸವಿದೆ. ಹೆಸರು ಆಗ ಹೊಳೆಯದೆ ಅರ್ಧ ತಾಸಿನ ಮೇಲೆ ಹೊಳೆದರೆ, ಕೀಲಿ ಕಳೆದರೂ "ಬಂದ ಮೇಲೆ ಎಲ್ಲೆಲ್ಲಿ ಓಡಾಡಿದೆ" ಎಂದು ಹಿಂದೆ ಹೋಗಿ ಹುಡುಕಿಕೊಳ್ಳಲು ಬಂದರೆ, ಅದು ಬಹುಮಟ್ಟಿಗೆ ವಯಸ್ಸಿನ ಮರೆವು. ಕೇಳಿದ್ದನ್ನೇ ಒಂದು ತಾಸಿನಲ್ಲಿ ಮೂರು ಸಲ ಕೇಳುವುದು, ದಿನವೂ ಓಡಾಡುವ ದಾರಿಯಲ್ಲಿ ದಿಕ್ಕು ತಪ್ಪುವುದು, ಚಿಲ್ಲರೆ ಲೆಕ್ಕದಲ್ಲಿ ಎಡವುವುದು, ಕೀಲಿ ಫ್ರಿಜ್ಜಿನಲ್ಲಿ ಸಿಗುವುದು ಬೇರೆ ಮಾತು. ಅದನ್ನು "ಅರವತ್ತರ ಅರಳು ಮರಳು" ಎಂದು ತಳ್ಳಿಹಾಕಬೇಡಿ. ನಿಮ್ಮ ತಂದೆಯವರಿಗೆ ಒಂದು ವರ್ಷದಿಂದ ಬದಲಾವಣೆ ಕಂಡಿದೆ ಎಂದಿದ್ದೀರಿ. ಹಾಗಾಗಿ ಒಮ್ಮೆ ತೋರಿಸಿಬಿಡುವುದೇ ಸರಿ. ಬಿ12 ಕೊರತೆ, ಥೈರಾಯ್ಡ್, ರಕ್ತದಲ್ಲಿ ಸೋಡಿಯಂ ಇಳಿಕೆ, ಹತೋಟಿ ತಪ್ಪಿದ ಸಕ್ಕರೆ, ನಿವೃತ್ತಿಯ ನಂತರದ ಖಿನ್ನತೆ, ಇವೆಲ್ಲ ಮರೆವಿನ ವೇಷದಲ್ಲೇ ಬರುತ್ತವೆ, ಚಿಕಿತ್ಸೆಗೂ ಬಗ್ಗುತ್ತವೆ. ನಿದ್ದೆ ಮಾತ್ರೆ, ನೆಗಡಿ ಮತ್ತು ಅಲರ್ಜಿಗೆ ನುಂಗುವ ಕೆಲವು ಹಳೆಯ ಮಾತ್ರೆಗಳೂ ನೆನಪನ್ನು ಮಂಕು ಮಾಡುತ್ತವೆ. ಆದ್ದರಿಂದ ಈಗ ನುಂಗುತ್ತಿರುವ ಮಾತ್ರೆಗಳ ಶೀಟುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್ ತೆರೆದಿವೆ. ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ವಿಚಾರಿಸಿ.

ಕಿವಿ ಮತ್ತು ಕಣ್ಣನ್ನೂ ಅದೇ ವಾರ ತೋರಿಸಿ. ಮರೆವಿನ ಕಾಯಿಲೆಯನ್ನು ತಡೆಯುವುದರ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ ವರದಿ, ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಅವೆಲ್ಲವನ್ನೂ ಸರಿಪಡಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಆ ಪಟ್ಟಿಯಲ್ಲಿ ಕಿವುಡು, ಕಣ್ಣಿನ ಮಂಕು, ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಧೂಮಪಾನ, ಕೂತಲ್ಲೇ ಕೂರುವುದು, ಒಂಟಿತನ ಇವೆ. ಚೆಸ್ ಇಲ್ಲ. ಆಟ ಕೂಡದು ಎಂದಲ್ಲ. ಎರಡು ತಾಸು ಬಗ್ಗಿ ಮೊಬೈಲ್ ನೋಡುವ ಅಪ್ಪ ಅದರಲ್ಲಿ ಒಂದು ತಾಸು ನಡೆದಾಡಿದರೆ ಮೆದುಳಿಗೆ ಸಿಗುವ ಲಾಭ ಯಾವ ಆಟಕ್ಕೂ ಕಡಿಮೆಯಲ್ಲ ಎಂದು.

ಈಗ ಚೆಸ್ ಆಡಿದರೆ ಕಾಯಿಲೆ ಬರುವುದಿಲ್ಲ ಎಂಬ ಮಾತಿಗೆ ಬರೋಣ. ಅದಕ್ಕೆ ಬೇರು ಇದೆ, ಆದರೆ ಮರ ಬೇರಿಗಿಂತ ತುಂಬಾ ದೊಡ್ಡದಾಗಿ ಬೆಳೆದಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಜನರನ್ನು ಐದು ವರ್ಷದಾಚೆಗೂ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಣೆಯಾಟ, ಓದು, ವಾದ್ಯ ನುಡಿಸುವುದು, ನೃತ್ಯ ಇವುಗಳಲ್ಲಿ ತೊಡಗಿದ್ದವರಿಗೆ ಕಾಯಿಲೆ ಕಡಿಮೆ ಬಂದಿತ್ತು. ಫ್ರಾನ್ಸಿನಲ್ಲಿ 3,675 ಹಿರಿಯರನ್ನು 20 ವರ್ಷ ಹಿಂಬಾಲಿಸಿದ ಮತ್ತೊಂದು ಅಧ್ಯಯನ 2013ರಲ್ಲಿ ಬಂತು. ಅಲ್ಲಿ ಆಡುವವರಿಗೆ ಅಪಾಯ ಶೇ 15ರಷ್ಟು ಕಡಿಮೆ. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಈ ಸಂಖ್ಯೆ. ಅದೇ ವರದಿಯ ಮುಂದಿನ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ: ಅಧ್ಯಯನ ಶುರುವಾದಾಗಲೇ ಯಾರ ಬುದ್ಧಿ ಎಷ್ಟು ಚುರುಕಾಗಿತ್ತು, ಯಾರಿಗೆ ಖಿನ್ನತೆ ಇತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿದಾಗ ಆ ವ್ಯತ್ಯಾಸ ಬಹುಪಾಲು ಕರಗಿಹೋಯಿತು. ಆಡುವುದರಿಂದ ಚುರುಕಾದರೋ, ಚುರುಕಾಗಿದ್ದರಿಂದ ಆಡುತ್ತಿದ್ದರೋ ಎಂಬುದನ್ನು ಇಂಥ ಅಧ್ಯಯನಗಳಿಂದ ಬಿಡಿಸಿ ಹೇಳಲಾಗದು. 2016ರಲ್ಲಿ ಲ್ಯೂಮಾಸಿಟಿ ಎಂಬ ಮೆದುಳಿನ ಆಟಗಳ ಕಂಪನಿ, ಆಡಿದರೆ ಮರೆವನ್ನು ಮುಂದೂಡಬಹುದು ಎಂಬಂಥ ಜಾಹೀರಾತು ಕೊಟ್ಟಿದ್ದಕ್ಕೆ ಅಮೆರಿಕದ ವ್ಯಾಪಾರ ಆಯೋಗದ ಮುಂದೆ 20 ಲಕ್ಷ ಡಾಲರ್ ತೆತ್ತು ಪ್ರಕರಣ ಮುಗಿಸಿಕೊಂಡಿತು. ನಿಮ್ಮ ತಮ್ಮನಿಗೆ ಇಷ್ಟು ಹೇಳಿದರೆ ಸಾಕು.

ಹಾಗಾದರೆ ಆಡುವುದು ಯಾಕೆ? ಅಭ್ಯಾಸ ಮಾಡಿದ್ದು ಸುಧಾರಿಸುತ್ತದೆ, ಅದು ಖಚಿತ. ಅಮೆರಿಕದಲ್ಲಿ 65 ದಾಟಿದ 2,832 ಜನರಿಗೆ ನೆನಪು, ತರ್ಕ, ನೋಡಿ ಗ್ರಹಿಸುವ ವೇಗ, ಈ ಮೂರರಲ್ಲಿ ಒಂದೊಂದು ಗುಂಪಿಗೆ ಒಂದೊಂದರ ತರಬೇತಿ ಕೊಟ್ಟು ಪರೀಕ್ಷಿಸಿದರು. ತರ್ಕ ಕಲಿತವರ ತರ್ಕ ಸುಧಾರಿಸಿತು, ನೆನಪಿನ ತರಬೇತಿ ಪಡೆದವರ ನೆನಪು ಸುಧಾರಿಸಿತು. ಒಂದರ ಲಾಭ ಇನ್ನೊಂದಕ್ಕೆ ಹರಿಯಲಿಲ್ಲ. ಚದುರಂಗದಲ್ಲೂ ಇದೇ ಕಥೆ. 1973ರ ಹೆಸರಾಂತ ಪ್ರಯೋಗವೊಂದರಲ್ಲಿ ನಿಜವಾದ ಪಂದ್ಯದ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ಪಳಗಿದ ಆಟಗಾರ ಹೊಸಬನಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾದ ಮನೆಯಲ್ಲಿಟ್ಟ. ಅವೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಆ ಮೇಲುಗೈ ಮಾಯ. ಅವನಲ್ಲಿ ಬೆಳೆದದ್ದು ಚದುರಂಗದ ನೆನಪು, ಕೀಲಿಯ ನೆನಪಲ್ಲ. ನಿಮ್ಮ ತಂದೆಯವರ ಸುಡೊಕುವಿಗೂ ಸ್ಕೂಟರ್ ಕೀಲಿಗೂ ಸಂಬಂಧವಿಲ್ಲದಿರುವುದು ಇದಕ್ಕೇ. ಕೀಲಿಗೆ ಮದ್ದು, ಬಾಗಿಲ ಪಕ್ಕ ಎದೆಯೆತ್ತರಕ್ಕೆ ಹೊಡೆದ ಒಂದು ಮೊಳೆ.

ಇಷ್ಟಾದ ಮೇಲೂ ಆಟದಿಂದ ದಕ್ಕುವುದು ಮೂರಿವೆ. ಹೊಸದನ್ನು ಕಲಿಯುವಾಗಿನ ಶ್ರಮ, ಎದುರಿಗೆ ಕೂತವರ ಮನಸ್ಸನ್ನು ಓದುವ ಕೆಲಸ, ಮತ್ತು ಮಾತುಕತೆ. ಸುಡೊಕುವಿನಲ್ಲಿ ಎರಡನೆಯದೂ ಮೂರನೆಯದೂ ಇಲ್ಲ. ಮೊದಲನೆಯದು ನಾಲ್ಕು ವರ್ಷದಲ್ಲಿ ಬತ್ತಿಹೋಗಿದೆ. ಅಡ್ಡಸಾಲು, ಉದ್ದಸಾಲು, ಚೌಕ ಎಂದು ಕಣ್ಣು ತಾನಾಗಿ ಓಡುತ್ತದೆ, ಬೆರಳು ತಾನಾಗಿ ಒತ್ತುತ್ತದೆ. ಬಿಡಲೇಬೇಕೆಂದಿಲ್ಲ. ಆದರೆ ಆ್ಯಪಿನ ಸೆಟ್ಟಿಂಗಿನಲ್ಲಿ ಎರಡು ಅನುಕೂಲಗಳನ್ನು ಆಫ್ ಮಾಡಿ. ತಪ್ಪು ಅಂಕಿಯನ್ನು ಕೆಂಪಾಗಿ ತೋರಿಸುವುದು ಒಂದು, ಪ್ರತಿ ಮನೆಯಲ್ಲಿ ಬರಬಹುದಾದ ಅಂಕಿಗಳನ್ನು ತಾನೇ ತುಂಬುವುದು ಇನ್ನೊಂದು. ಕೆಂಪು ಬಣ್ಣ ಇದ್ದಷ್ಟು ದಿನ ಆಟ ಊಹೆಗೆ ಇಳಿಯುತ್ತದೆ, ಒತ್ತಿ ನೋಡಿದರಾಯಿತು. ಅದನ್ನು ಆಫ್ ಮಾಡಿದ ದಿನವೇ ಬಿಡಿಸುವ ಸಮಯ ಏರುವುದನ್ನು ಅವರೇ ಕಾಣುತ್ತಾರೆ.

ಅಮ್ಮನ ಆಕ್ಷೇಪಣೆಗೆ ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ. ಚೌಕಾಬಾರದಲ್ಲಿ ಕವಡೆ ಅದೃಷ್ಟದ್ದು, ಕಾಯಿ ನಡೆಸುವುದು ಅದೃಷ್ಟದ್ದಲ್ಲ. ನಾಲ್ಕು ಕವಡೆ ಬೀಳುವ ಬಗೆ 16. ಬಾಯಿ ಮೇಲಾಗಿ ಎರಡು ಬೀಳುವುದು ಅದರಲ್ಲಿ 6 ಬಗೆ. ಒಂದು ಬೀಳುವುದು 4 ಬಗೆ, ಮೂರು ಬೀಳುವುದೂ 4. ನಾಲ್ಕೂ ಮೇಲಾಗಿ ಚೌಕಾ, ಅಂದರೆ 4, ಒಂದೇ ಬಗೆ. ನಾಲ್ಕೂ ಬೋರಲಾಗಿ ಬಾರ, ಅಂದರೆ 8, ಅದೂ ಒಂದೇ. ಹೀಗಾಗಿ ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಂತರೆ ಹೊಡೆಸಿಕೊಳ್ಳುವ ಸಂಭವ ಸುಮಾರು 16ಕ್ಕೆ 6. ನಾಲ್ಕು ಮನೆ ಮುಂದೆ ನಿಂತರೆ 16ಕ್ಕೆ 1. ಐದು ಮನೆ ಮುಂದಾದರೆ ಒಂದೇ ಗರದಲ್ಲಿ, ಅಂದರೆ ಒಂದೇ ಸಲ ಕವಡೆ ಹಾಕಿ, ತಲುಪಲಾಗದು. ಚೌಕಾ ಬಿದ್ದು, ಅದಕ್ಕಾಗಿ ಮತ್ತೆ ಸಿಗುವ ಗರದಲ್ಲಿ ಒಂದು ಬೀಳಬೇಕು, ಅದು 64ಕ್ಕೆ 1. ಎರಡು ಮನೆ ದೂರಕ್ಕೂ ಐದು ಮನೆ ದೂರಕ್ಕೂ ಅಪಾಯದಲ್ಲಿ 24 ಪಟ್ಟು ಅಂತರ! ಗುಣಿಸು ಗುರುತಿನ ಮನೆ (ಅಲ್ಲಿ ನಿಂತ ಕಾಯಿಯನ್ನು ಹೊಡೆಯುವಂತಿಲ್ಲ) ಖಾಲಿ ಇಲ್ಲದಾಗ ಯಾವ ಕಾಯಿಯನ್ನು ಮುಂದಿಡಬೇಕು ಎಂಬುದು ಈ ಲೆಕ್ಕದಿಂದ ತೀರ್ಮಾನವಾಗುತ್ತದೆ. ಅಮ್ಮ ಇದನ್ನು ಅಂಕಿಯಲ್ಲಿ ಹೇಳಲಾರರು, ಆದರೆ "ಅಲ್ಲಿ ನಿಲ್ಲಿಸಬೇಡ, ಹೊಡಿತಾರೆ" ಎನ್ನುವಾಗ ಅವರು ಹೇಳುವುದು ಇದನ್ನೇ. ಗಣಿತದ ಮೇಷ್ಟ್ರಿಗೆ ಆ ಮಾತನ್ನು ಲೆಕ್ಕವಾಗಿಸುವ ಕೆಲಸ ಕೊಡಿ.

ಒಂದು ಎಚ್ಚರಿಕೆ. 16ರ ಲೆಕ್ಕ ಕವಡೆ ಸಮವಾಗಿದ್ದರೆ ಮಾತ್ರ. ನಾಲ್ಕು ಕವಡೆಯನ್ನು 50 ಸಲ ಹಾಕಿ, ಬಾಯಿ ಮೇಲಾದವನ್ನೆಲ್ಲ ಕೂಡಿಸಿ. 200ಕ್ಕೆ 90ರಿಂದ 110ರೊಳಗೆ ಬಂದರೆ ಸಮ ಎನ್ನಬಹುದು. 130ರ ಹತ್ತಿರ ಬಂದರೆ ನಿಮ್ಮ ಮನೆಯ ಕವಡೆಗೆ ಎರಡಕ್ಕಿಂತ ಮೂರು ಹೆಚ್ಚು ಬೀಳುತ್ತದೆ, ಚೌಕಾ ಬೀಳುವುದೂ ಸುಮಾರು ಮೂರು ಪಟ್ಟಾಗುತ್ತದೆ, ಬಾರ ಅಪರೂಪವಾಗುತ್ತದೆ. ಆಗ ಮೂರು ಮನೆ ಮುಂದೆ ನಿಲ್ಲುವುದೇ ಅಪಾಯ. ಒಂದು ಬದಿ ತೇದ ಹುಣಸೆ ಬೀಜಕ್ಕೂ ಇದೇ ಪರೀಕ್ಷೆ. ಮೊಮ್ಮಗಳು ಹಾಕಲಿ, ತಾತ ಬರೆದುಕೊಳ್ಳಲಿ, ಒಂದು ಮಧ್ಯಾಹ್ನ ಕಳೆಯುತ್ತದೆ.

ಆಟದ ಅಳತೆ ಹೀಗೆ. 5×5ರ ಮಣೆ, 25 ಮನೆ. ತನ್ನ ಮನೆಯಿಂದ ಹೊರಸುತ್ತು ಮುಗಿಸಿ, ಒಳಸುತ್ತು ಹಾಯ್ದು, ನಡುಮನೆಯಲ್ಲಿ ಹಣ್ಣಾಗಲು ಒಂದು ಕಾಯಿಗೆ 24 ಹೆಜ್ಜೆ, ನಾಲ್ಕಕ್ಕೆ 96. ಮತ್ತೆ ಸಿಗುವ ಗರಗಳನ್ನೂ ಸೇರಿಸಿದರೆ ಒಂದು ಸರದಿಗೆ ಸರಾಸರಿ ಮೂರು ಹೆಜ್ಜೆಗೆ ತುಸು ಕಡಿಮೆ. ಯಾರೂ ಯಾರನ್ನೂ ಹೊಡೆಯದಿದ್ದರೂ ತಲಾ 34 ಸರದಿಯಾಗುತ್ತದೆ. ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ಬಹಳ ಕಡೆಯ ನಿಯಮವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಇಬ್ಬರು ಆಡಿದರೆ 40 ನಿಮಿಷ, ನಾಲ್ವರಾದರೆ ಒಂದು ತಾಸು ದಾಟುತ್ತದೆ. ಹಿರಿಯರಿಗೆ ಅಷ್ಟು ಹೊತ್ತು ಒಂದೇ ಸಮ ಕೂರುವುದು ಕಷ್ಟ, ಆದ್ದರಿಂದ ತಲಾ ಮೂರು ಕಾಯಿಗೆ ಇಳಿಸಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಚೆಂದ ನಿಜ, ಮಂಡಿ ಬಿಡಬೇಕಲ್ಲ. 40 ಸೆಂಟಿಮೀಟರ್ ಚೌಕದ ಪ್ಲೈವುಡ್ಡಿನ ಮೇಲೆ 7 ಸೆಂಟಿಮೀಟರಿನ ಮನೆಗಳನ್ನು ದಪ್ಪ ಮಾರ್ಕರಿನಲ್ಲಿ ಬರೆದು ಮೇಜಿನ ಮೇಲಿಡಿ. ಕಾಯಿಗೆ ಕೇರಂ ಪಾನು ಹೇಳಿ ಮಾಡಿಸಿದಂತಿರುತ್ತದೆ, ನಡುಗುವ ಕೈಗೂ ಸಿಗುತ್ತದೆ. ಕಡಲೆಕಾಳು ಮತ್ತು ತೊಗರಿಬೇಳೆ ಇಟ್ಟರೆ ಪೊರೆ ಬಂದ ಕಣ್ಣಿಗೆ ಎರಡೂ ಒಂದೇ.

ಅಪ್ಪನಿಗೆ ನಾನು ಮೊದಲು ಕೊಡುವುದು ಮಾತ್ರ ಅಳಗುಳಿಮಣೆ, ಕರಾವಳಿಯವರ ಚೆನ್ನೆಮಣೆ. ಇಲ್ಲಿ ಕವಡೆಯ ನೆಪವೂ ಇಲ್ಲ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ಐದರಂತೆ 70 ಕಾಳು. ಊರಿಗೊಂದು ಪಾಠವಿದೆ, ಕೆಲವೆಡೆ ನಾಲ್ಕರಂತೆ 56. ತನ್ನ ಸಾಲಿನ ಒಂದು ಗುಳಿ ಎತ್ತಿ ಬಲಕ್ಕೆ ಒಂದೊಂದೇ ಹಾಕುತ್ತ ಹೋಗಬೇಕು. ಕೈಯ ಕಾಳು ಮುಗಿದಾಗ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸಬೇಕು. ಮುಂದಿನದು ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿದ್ದದ್ದು ನಿಮ್ಮದು, ಸರದಿ ಮುಗಿಯಿತು.

ಒಂದು ನಡೆಯನ್ನು ಪೂರ್ತಿ ಬಿಡಿಸಿ ನೋಡಿ. ನಿಮ್ಮ ಮೂರನೇ ಗುಳಿಯ ಐದು ಎತ್ತಿದಿರಿ. ಅವು ನಿಮ್ಮ 4, 5, 6, 7ಕ್ಕೆ ಮತ್ತು ಎದುರಿನವರ ಮೊದಲನೆಯದಕ್ಕೆ ಬಿದ್ದವು. ಎದುರಿನ ಎರಡನೆಯದರಲ್ಲಿ ಐದಿದೆ, ಎತ್ತಿ. ಎದುರಿನ 3ರಿಂದ 7ಕ್ಕೆ ಮುಗಿಯಿತು. ನಿಮ್ಮ ಮೊದಲನೆಯದರ ಐದು ಎತ್ತಿದರೆ ನಿಮ್ಮ 2ರಿಂದ 6ರವರೆಗೆ ಬೀಳುತ್ತವೆ. ನಿಮ್ಮ ಏಳನೆಯದರಲ್ಲಿ ಈಗ ಆರು, ಎತ್ತಿದರೆ ಎದುರಿನ 1ರಿಂದ 6. ಎದುರಿನ ಏಳನೆಯದರಲ್ಲೂ ಆರು, ಅದು ನಿಮ್ಮ 1ರಿಂದ 6ಕ್ಕೆ. ಈಗ ಮುಂದಿರುವ ನಿಮ್ಮ ಏಳನೆಯದು ಬರಿದು. ಅದರಾಚೆ, ಎದುರಿನ ಮೊದಲನೆಯದರಲ್ಲಿ ಏಳು ಕಾಳು. ಏಳೂ ನಿಮ್ಮವು. ತಮಾಷೆಯೆಂದರೆ ಮೊದಲ ನಡೆಗೆ ಯಾವ ಗುಳಿ ಎತ್ತಿದರೂ ಸಿಗುವುದು ಏಳೇ, ಏಕೆಂದರೆ ಎಲ್ಲ ಗುಳಿಯೂ ಸಮ, ದಾರಿ ದುಂಡಗೆ. ಆಟ ಶುರುವಾಗುವುದು ಎರಡನೇ ನಡೆಯಿಂದ. ಅಲ್ಲಿ ಒಂದು ಗುಳಿ ಆಚೀಚೆಯಾದರೆ ಹತ್ತಕ್ಕೆ ಬದಲು ಏನೂ ಸಿಗದೆ ಹೋಗಬಹುದು.

ಅಪ್ಪನಿಗೆ ಒಂದು ಕಟ್ಟಳೆ ಹಾಕಿ: ಕಾಳು ಮುಟ್ಟುವ ಮೊದಲು, ಮೊದಲ ಸಲ ಎತ್ತುವ ಕಾಳು ಎಲ್ಲಿ ಮುಗಿಯುತ್ತದೆಂದು ಬಾಯಲ್ಲಿ ಹೇಳಬೇಕು. ಅದು ಸಲೀಸಾದ ಮೇಲೆ ಎರಡನೇ ಎತ್ತಿನದೂ. ಮೂರನೇ ಎತ್ತಿನ ಹೊತ್ತಿಗೆ ಆಗಲೇ ಬದಲಾದ ಗುಳಿಗಳ ಲೆಕ್ಕವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಗಣಿತದ ಮೇಷ್ಟ್ರೂ ಬೆವರುವುದು ಅಲ್ಲೇ, ನಮಗೆ ಬೇಕಾದದ್ದೂ ಅದೇ. ಬೆರಳಿಟ್ಟು ಎಣಿಸುವಂತಿಲ್ಲ. ಬೆರಳಿಟ್ಟರೆ ಕೆಲಸ ತಲೆಯಿಂದ ಕೈಗೆ ಇಳಿಯುತ್ತದೆ.

ಕಾಳಿಗೆ ಗುಲಗಂಜಿ ಬೇಡವೇ ಬೇಡ. ನೋಡಲು ಚೆಂದ, ಹಳೆಯ ಮನೆಗಳಲ್ಲಿ ಡಬ್ಬಿಗಟ್ಟಲೆ ಇರುತ್ತದೆ, ಆದರೆ ಅಗಿದರೆ ಅಥವಾ ಒಡೆದದ್ದು ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು. ಸಣ್ಣ ಮಕ್ಕಳೂ ಮರೆವಿರುವ ಹಿರಿಯರೂ ಓಡಾಡುವ ಮನೆಯಲ್ಲಿ ಅದು ಇರಕೂಡದು. ಹುಣಸೆ ಬೀಜ ಸಾಕು. ಬೆರಳ ಗಂಟು ನೋಯುವವರಿಗೆ ಗಜ್ಜುಗ ಹಿಡಿಯಲು ಸುಲಭ, ಆದರೆ ಗುಳಿಗೆ ಐದು ಹಿಡಿಸದು, ಮೂರರಿಂದ ಶುರು ಮಾಡಿ.

ಚದುರಂಗ ಅಮ್ಮನ ಪಾಲಿಗೆ. ಮೊದಲ ದಿನವೇ 32 ಕಾಯಿಯ ನಡೆ ಹೇಳಿದರೆ ಎರಡನೇ ದಿನ ಅವರು ಮಣೆಯ ಹತ್ತಿರ ಬರುವುದಿಲ್ಲ. ಮೊದಲ ವಾರ ಎರಡೂ ಕಡೆ ಎಂಟೆಂಟು ಕಾಲಾಳು ಮಾತ್ರ, ಯಾರ ಕಾಲಾಳು ಮೊದಲು ಆಚೆ ದಡ ಮುಟ್ಟುತ್ತಾನೋ ಅವರು ಗೆದ್ದರು. ಎರಡನೇ ವಾರ ರಾಜ ಬರಲಿ, ಮೂರನೇ ವಾರ ಆನೆ, ಆಮೇಲೆ ಒಂಟೆ, ಮಂತ್ರಿ. ಕುದುರೆ ಕೊನೆಗೆ. ಗಡಿಯಾರ ಬೇಡ. ಮನೆ 5.5 ಸೆಂಟಿಮೀಟರ್, ರಾಜ 9.5 ಸೆಂಟಿಮೀಟರ್ ಇರುವ ಪಂದ್ಯದ ಅಳತೆಯ ಸೆಟ್ ಕೊಳ್ಳಿ, ಸುರುಳಿ ಸುತ್ತುವ ಹಾಸಿನದು. ಅಯಸ್ಕಾಂತದ ಪುಟ್ಟ ಸೆಟ್‌ನಲ್ಲಿ ಒಂಟೆಗೂ ಕಾಲಾಳಿಗೂ ವ್ಯತ್ಯಾಸ ಕಾಣದೆ ಆಗುವ ತಪ್ಪನ್ನು ಮನೆಯವರು "ಅಮ್ಮನಿಗೆ ತಿಳಿಯಲ್ಲ" ಎಂದು ಓದಿಬಿಡುತ್ತಾರೆ. ಕಲಿಸುವುದು ಮೊಮ್ಮಗಳ ಕೆಲಸವಾಗಲಿ. ಗಂಡ ಕಲಿಸಲು ಕೂತರೆ ಮೂರನೇ ನಡೆಗೆ ಜಗಳ.

ಮೂವರೂ ಕೂಡಲಾಗದ ದಿನ ಅಪ್ಪನಿಗೆ ಒಂಟಿಯಾಗಿ ಏನಾದರೂ ಬೇಕಲ್ಲ, ಅದಕ್ಕೆ ಕುದುರೆ ನಡೆ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳ ಹುಚ್ಚು ಹತ್ತಿಸಿಕೊಂಡವರು, ಚದುರಂಗದ 64 ಮನೆಗೂ ಕುದುರೆಯನ್ನು ಒಮ್ಮೊಮ್ಮೆ ಮಾತ್ರ ಹಾಯಿಸುವ ದಾರಿಗಳನ್ನು ತಾವೇ ರಚಿಸಿದವರು. 64 ಈಗಲೇ ಬೇಡ. ಚೌಕಾಬಾರದ 25 ಮನೆಯ ಮಣೆಯೇ ಸಾಕು. ಮೂಲೆಯಲ್ಲಿ ಕುದುರೆ ಇಡಿ, ನೇರ ಎರಡು, ಪಕ್ಕಕ್ಕೆ ಒಂದು. ಮೆಟ್ಟಿದ ಮನೆಗೊಂದು ಹುಣಸೆ ಬೀಜ. 25 ಬೀಜವೂ ಬೀಳಬೇಕು. ಮೂಲೆಯ ಪಕ್ಕದ ಮನೆಯಿಂದ ಹೊರಟರೆ ಜನ್ಮದಲ್ಲಿ ಆಗದು. ಮಣೆಗೆ ಕಪ್ಪು ಬಿಳುಪು ಬಳಿದರೆ ಮೂಲೆಯ ಬಣ್ಣದವು 13, ಇನ್ನೊಂದು 12. ಕುದುರೆ ಪ್ರತಿ ನೆಗೆತಕ್ಕೂ ಬಣ್ಣ ಬದಲಿಸುತ್ತದೆ, ಹಾಗಾಗಿ 13 ಇರುವ ಬಣ್ಣದಿಂದಲೇ ಹೊರಡಬೇಕು. ಈ ಕಾರಣವನ್ನು ಅಪ್ಪನಿಗೆ ಹೇಳಬೇಡಿ, ಅವರೇ ಕಂಡುಹಿಡಿಯಲಿ. ಸಿಕ್ಕಿಹಾಕಿಕೊಂಡರೆ ಒಂದು ಸುಳಿವು ಕೊಡಿ: ಮುಂದಕ್ಕೆ ಹೋಗಲು ಅತಿ ಕಡಿಮೆ ದಾರಿ ಉಳಿದಿರುವ ಮನೆಗೆ ಮೊದಲು ಹೋಗಬೇಕು. ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ 1823ರಲ್ಲಿ ಹೇಳಿದ ಉಪಾಯವದು. ನಿಮಗಾಗಿ ಒಂದು ಉತ್ತರ, ಮೇಲಿನ ಸಾಲಿನಿಂದ:

1, 6, 15, 10, 21
14, 9, 20, 5, 16
19, 2, 7, 22, 11
8, 13, 24, 17, 4
25, 18, 3, 12, 23

ಮೊಮ್ಮಗಳಿಗೂ ತಾತನಿಗೂ ಆಡು ಹುಲಿ ಆಟ ಹೊಂದುತ್ತದೆ. 23 ಬಿಂದು, 3 ಹುಲಿ, 15 ಆಡು. ಆಡುಗಳನ್ನು ಒಂದೊಂದಾಗಿ ಇಟ್ಟು ಮುಗಿಯುವವರೆಗೆ ಇಟ್ಟ ಆಡು ಕದಲುವಂತಿಲ್ಲ, ಹುಲಿ ಮಾತ್ರ ಅಷ್ಟರಲ್ಲೇ ಬೇಟೆಗಿಳಿಯುತ್ತದೆ. ಹೊಸಬರು ನಡುವಿನಲ್ಲಿ ಆಡು ಇಟ್ಟು ಕಳೆದುಕೊಳ್ಳುತ್ತಾರೆ. ಹುಲಿ ಹಾರಲು ಆಡಿನ ಬೆನ್ನ ಹಿಂದೆ ನೇರ ಗೆರೆಯಲ್ಲಿ ಖಾಲಿ ಬಿಂದು ಬೇಕು. ಅಂಚಿನಲ್ಲಿಟ್ಟರೆ ಅಂಥ ಜಾಗ ಕಡಿಮೆ. ಅಂಚಿನಿಂದ ಒಳಕ್ಕೆ, ಒಂದರ ಬೆನ್ನಿಗೆ ಇನ್ನೊಂದು. ಒಂದು ಆಟ ಹುಲಿ, ಮುಂದಿನ ಆಟ ಆಡು ಎಂದು ಬದಲಿಸಿಕೊಳ್ಳಲಿ, ಎರಡಕ್ಕೂ ಬೇಕಾದ ಯೋಚನೆ ಬೇರೆ ಬೇರೆ.

ಹೊತ್ತಿನ ವಿಚಾರ. ವಾರಕ್ಕೆ ಮೂರು ನಾಲ್ಕು ದಿನ, 30ರಿಂದ 40 ನಿಮಿಷ. ಬೆಳಗ್ಗೆ ತಿಂಡಿಯಾದ ಮೇಲೆ, ಇಲ್ಲವೇ ಸಂಜೆ ಕಾಫಿಯ ಹೊತ್ತಿಗೆ. ಕತ್ತಲಾದ ಮೇಲೆ ಬೇಡ, ಬೆಳಕೂ ಕಡಿಮೆ, ಮೈಯೂ ದಣಿದಿರುತ್ತದೆ. ಟಿವಿ ಆರಿಸಬೇಕು. ಕಿವಿ ಮಂದವಿದ್ದವರಿಗೆ ಧಾರಾವಾಹಿಯ ಸದ್ದಿನಲ್ಲಿ "ನಿಮ್ಮ ಸರದಿ" ಎಂಬುದೂ ಕೇಳಿಸದು. ನಿಯಮಗಳನ್ನು ಮೊದಲೇ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಏಕೆಂದರೆ ಚೌಕಾಬಾರದ ಜಗಳಗಳೆಲ್ಲ "ನಮ್ಮೂರಲ್ಲಿ ಹಾಗಲ್ಲ" ಎಂಬಲ್ಲಿಂದಲೇ ಶುರುವಾಗುತ್ತವೆ.

ಮನೆಗಳಲ್ಲಿ ಆಟ ಎರಡೇ ತಿಂಗಳಿಗೆ ನಿಂತುಹೋಗಲು ಮುಖ್ಯ ಕಾರಣ ಬೇಕೆಂದೇ ಸೋಲುವುದು. ಅಜ್ಜನಿಗೆ ಬೇಜಾರಾಗದಿರಲಿ ಎಂದು ಮೊಮ್ಮಗಳು ಸೋಲುತ್ತಾಳೆ, ಅಜ್ಜನಿಗೆ ಅದು ಮೂರನೇ ಆಟಕ್ಕೇ ಗೊತ್ತಾಗುತ್ತದೆ. ಅದರ ಬದಲು ಮೊದಲೇ ಮಾತಾಡಿಕೊಂಡು ತೂಕ ಸರಿಮಾಡಿ. ಬಲ್ಲವರಿಗೆ ಮೂರೂ ಕಾಯಿ ಹಣ್ಣಾಗಬೇಕು, ಕಲಿಯುವವರಿಗೆ ಎರಡು ಸಾಕು. ಚದುರಂಗದಲ್ಲಿ ಬಲ್ಲವರ ಮಂತ್ರಿಯನ್ನು ಮೊದಲೇ ತೆಗೆದಿಡಿ. ಗೆಲುವು ಹತ್ತಕ್ಕೆ ನಾಲ್ಕರಿಂದ ಆರರಷ್ಟು ಇರುವಂತೆ ನೋಡಿಕೊಂಡರೆ ಇಬ್ಬರಿಗೂ ಹುರುಪು. ಹತ್ತಕ್ಕೆ ಎಂಟು ಗೆಲ್ಲುತ್ತಿದ್ದರೆ ಆಟ ಸಲೀಸಾಯಿತೆಂದು ಅರ್ಥ, ಕಟ್ಟಳೆ ಬಿಗಿ ಮಾಡಿ ಅಥವಾ ಚೌಕಾಬಾರವನ್ನು 7×7ರ ಮಣೆಗೆ ಏರಿಸಿ. ಅಲ್ಲಿ ಹಣ್ಣಾಗಲು 48 ಹೆಜ್ಜೆ. ದುಡ್ಡು ಕಟ್ಟಿ ಆಡುವುದು ಐದು ರೂಪಾಯಿಯಾದರೂ ಬೇಡ, ಸೋತ ಸಿಟ್ಟು ಊಟದವರೆಗೂ ಬರುತ್ತದೆ. ಯೋಚಿಸುವಾಗ ಪಕ್ಕದಿಂದ "ಅದನ್ನ ನಡೆಸು" ಎನ್ನುವವರನ್ನೂ ಎಬ್ಬಿಸಿ ಕಳಿಸಿ. ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಯಾರೂ ಬಾಯಿ ಬಿಡಬಾರದು.

ಆಡುವಾಗ ನಿಮ್ಮ ಕಣ್ಣು ಒಂದೆರಡು ಕಡೆ ಇರಲಿ. ಸರದಿ ಯಾರದೆಂದು ಪದೇಪದೇ ಕೇಳುವುದು, ಬಾಲ್ಯದಿಂದ ಗೊತ್ತಿದ್ದ ನಿಯಮವೇ ಮರೆಯುವುದು, ಎದುರಿನವರ ಕಾಯಿಯನ್ನು ತನ್ನದೆಂದು ನಡೆಸುವುದು. ಒಂದು ದಿನ ಆದರೆ ದಣಿವಿರಬಹುದು. ವಾರವಾರವೂ ಹೆಚ್ಚುತ್ತಿದ್ದರೆ ತಾರೀಕಿನೊಂದಿಗೆ ಬರೆದಿಟ್ಟು ವೈದ್ಯರಿಗೆ ತೋರಿಸಿ. "ಸ್ವಲ್ಪ ಮರೆವು ಜಾಸ್ತಿ" ಎಂಬ ಮಾತಿಗಿಂತ ಆ ಚೀಟಿ ಅವರಿಗೆ ಹೆಚ್ಚು ಹೇಳುತ್ತದೆ.

ಅವರ ಪರೀಕ್ಷೆಯಲ್ಲಿ ಮರೆವಿನ ಕಾಯಿಲೆಯೇ ಎಂದು ಗೊತ್ತಾದರೆ ಇಲ್ಲಿ ಹೇಳಿದ ಅದಲುಬದಲು ಸಲ್ಲದು. ಆಗ ಹೊಸ ಆಟ ಕಲಿಸಲು ಹೋದರೆ ಗಾಬರಿ, ಸಿಟ್ಟು, ಕೀಳರಿಮೆ. ಅಪ್ಪನಿಗೆ ಅಂಕಿಯ ಆಟ, ಅಮ್ಮನಿಗೆ ಕವಡೆ, ಯಾರಿಗೆ ಹಿಂದಿನಿಂದ ಯಾವುದು ರೂಢಿಯೋ ಅದನ್ನೇ ಕೊಡಿ. ತಲಾ ಎರಡು ಕಾಯಿ, 15 ನಿಮಿಷ, ತಪ್ಪು ನಡೆಸಿದರೂ ತಿದ್ದುವುದು ಬೇಡ. ಗೆದ್ದವರು ಯಾರೆಂದು ಎಣಿಸುವುದೂ ಬೇಡ, ಕವಡೆ ಅವರ ಕೈಯಲ್ಲಿರಲಿ.